ನನ್ನ ಜಿಪ್ಸಿಗೆ ಸೌಂಡ್ ಬೇಡ

"ಇಷ್ಟ್ ರೊಕ್ಕ ಹಾಕೀರಿ, ಸೌಂಡೇ ಇಲ್ಲಲ್ರಿ ಸರ?"

ಕಳೆದ ವಾರ ಹುಬ್ಬಳ್ಳಿಯ ಗೋಕುಲ್ ರೋಡಿನ ಪೆಟ್ರೋಲ್ ಬಂಕಿನಲ್ಲಿ ಒಬ್ಬ ಹುಡುಗ ಕೇಳಿದ. ಆಗಲೇ ಗಾಡಿಯ ಕೆಳಗೆ ಬಗ್ಗಿ ನೋಡಿದ್ದ. ಹೊಗೆ ಹೋಗುವ ಹೊಸ ಸ್ಟೀಲ್ ಪೈಪು ಫಳಫಳ ಅನ್ನುತ್ತಿತ್ತು. ನಾನು ಗಾಡಿ ಚಾಲೂ ಮಾಡಿದ ಕೂಡಲೇ ಅವನ ಮುಖ ಸಪ್ಪಗಾಯಿತು. ಹಳೆ ಮಾರುತಿ ಜಿಪ್ಸಿ, ದೊಡ್ಡ ಟೈರು, ಮೈತುಂಬ ಗೀರು. ಇಂಥದ್ದು ಗುಡುಗಬೇಕು ಅಂತ ಅವನ ಲೆಕ್ಕ. ನಾನು ಮೂರು ವಾರ ಗ್ಯಾರೇಜ್ ಅಲೆದಿದ್ದು ಅದು ಗುಡುಗಬಾರದು ಅಂತಲೇ. ಬಂಕಿನ ಸಾಲಿನಲ್ಲಿ ಇದನ್ನೆಲ್ಲ ವಿವರಿಸಲು ಆಗಲಿಲ್ಲ. ಇಲ್ಲಿ ಬರೆಯುತ್ತೇನೆ.

ನನ್ನದು 1998ರ ಜಿಪ್ಸಿ ಕಿಂಗ್. 1298 ಸಿಸಿ, ಕಾರ್ಬ್ಯುರೇಟರ್ ಗಾಡಿ. ಹೊಸದಿದ್ದಾಗ ಸುಮಾರು 60 ಅಶ್ವಶಕ್ತಿ ಅಂತ ಹೇಳುತ್ತಿದ್ದರು. ಈಗ ಅದರಲ್ಲಿ ಎಷ್ಟು ಕುದುರೆ ಓಡುತ್ತಿವೆಯೋ, ಎಷ್ಟು ಕುಂಟುತ್ತಿವೆಯೋ. ಹಾವೇರಿ ಕಡೆಯ ಒಬ್ಬ ರೈತರಿಂದ ತಗೊಂಡಿದ್ದು, ನಂಬರ್ ಪ್ಲೇಟು ಇನ್ನೂ ಕೆಎ 27. ನನಗಿಂತ ಮೊದಲು ಮೂರು ಜನರ ಕೈ ದಾಟಿದೆ. ಅವರಲ್ಲಿ ಯಾರೋ ಒಬ್ಬರು ಹಿಂದಿನ ಪೈಪನ್ನು ಅರ್ಧಕ್ಕೇ ಕತ್ತರಿಸಿಬಿಟ್ಟಿದ್ದರು. ಎಲ್ಲೋ ದಿಬ್ಬಕ್ಕೆ ತಾಗಿ ಜಜ್ಜಿರಬೇಕು. ಸರಿ ಮಾಡಿಸುವ ಬದಲು ಗ್ರೈಂಡರ್ ಹಿಡಿದು ಒಂದು ಸಲ ಎಳೆದು ಮುಗಿಸಿದ್ದರು. ಪೈಪಿನ ಬಾಯಿ ಸೀದಾ ಹಿಂದಿನ ಸೀಟಿನ ಕೆಳಗೇ ಇತ್ತು.

ನಾನು ಅದನ್ನು ನೋಡಿದ್ದೆ. ಸುಮ್ಮನಿದ್ದೆ. ನಿಜ ಹೇಳಬೇಕು ಅಂದರೆ ಆ ದಪ್ಪ ದನಿ ನನಗೂ ಹಿಡಿಸಿತ್ತು.

ಹೋದ ಮಳೆಗಾಲದಲ್ಲಿ ಮನೆಯವರನ್ನು ಕರೆದುಕೊಂಡು ದಾಂಡೇಲಿಗೆ ಹೊರಟೆ. ಹಿಂದಿನ ಕ್ಯಾನ್ವಾಸ್ ಪರದೆ ಎತ್ತಿ ಕಟ್ಟಿದ್ದೆವು, ಗಾಳಿ ಬರಲಿ ಅಂತ. ಧಾರವಾಡ ದಾಟಿ ಹಳಿಯಾಳ ರಸ್ತೆ ಹಿಡಿದು ಅರ್ಧ ಗಂಟೆ ಆಗಿರಬಹುದು. "ತಲಿ ಸಿಡಿಯಾಕತ್ತೈತ್ರಿ" ಅಂದಳು ಹೆಂಡತಿ. ಮಗಳಿಗೆ ವಾಕರಿಕೆ. ತಿರುವುಗಳಿಂದ ಹಾಗಾಗಿದೆ ಅಂದುಕೊಂಡೆ. ಆದರೆ ಮುಂದೆ ಕೂತ ನನಗೂ ಹಣೆ ಭಾರ ಆಗಿತ್ತು. ನಿಲ್ಲಿಸಿ ಮರದ ಕೆಳಗೆ ಕಾಲು ಗಂಟೆ ಕೂತೆವು. ಮೂವರಿಗೂ ಹಗುರ ಆಯಿತು. ಮತ್ತೆ ಹೊರಟ ಹತ್ತು ನಿಮಿಷಕ್ಕೆ ಅದೇ ಕಥೆ. ಆಗ ಹೊಳೆಯಿತು.

ಓಡುವ ಗಾಡಿಯ ಹಿಂದೆ ಗಾಳಿಯ ಒತ್ತಡ ಕಡಿಮೆ ಇರುತ್ತದೆ. ಬಸ್ಸಿನ ಹಿಂಭಾಗಕ್ಕೆ ಧೂಳು ಹತ್ತಿರುತ್ತದಲ್ಲ, ಅದೇ ಕಾರಣಕ್ಕೆ. ಹಿಂದಿನ ಪರದೆ ತೆರೆದಿದ್ದರೆ ಆ ಗಾಳಿ ಒಳಗೇ ನುಗ್ಗುತ್ತದೆ. ಪೈಪಿನ ಬಾಯಿ ಬಾಡಿ ಕೆಳಗೇ ಇದ್ದರೆ ಹೊಗೆಯನ್ನೂ ಕರೆದುಕೊಂಡೇ ಬರುತ್ತದೆ. ಪೆಟ್ರೋಲ್ ಹೊಗೆಯಲ್ಲಿ ಕಾರ್ಬನ್ ಮೊನಾಕ್ಸೈಡ್ ಇರುತ್ತದೆ. ಅದಕ್ಕೆ ಬಣ್ಣ ಇಲ್ಲ, ವಾಸನೆ ಇಲ್ಲ. ರಕ್ತದ ಹಿಮೋಗ್ಲೋಬಿನ್‌ಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ತಲೆನೋವು, ವಾಕರಿಕೆ, ಮಂಪರು, ಇವೇ ಮೊದಲ ಲಕ್ಷಣ. ಮಗಳು ಮಲಗಿಬಿಟ್ಟಿದ್ದರೆ ನಾವು ಪ್ರಯಾಣದ ಸುಸ್ತು ಅಂದುಕೊಂಡು ಮುಂದೆ ಹೋಗುತ್ತಿದ್ದೆವು. ಆ ಯೋಚನೆ ಇವತ್ತಿಗೂ ನನ್ನನ್ನು ಬಿಟ್ಟಿಲ್ಲ.

ಎಮಿಷನ್ ಸರ್ಟಿಫಿಕೇಟ್ ಚಾಲ್ತಿಯಲ್ಲೇ ಇತ್ತು. ನನ್ನ ಗಾಡಿಯ ವಯಸ್ಸಿಗೆ ಹೊಗೆಯಲ್ಲಿ ಶೇ 3ರವರೆಗೆ ಕಾರ್ಬನ್ ಮೊನಾಕ್ಸೈಡ್ ಇದ್ದರೂ ಪಾಸ್. ಅವರು ಅಳೆಯುವುದು ಪೈಪಿನ ಬಾಯಲ್ಲಿ, ಸೀಟಿನ ಹತ್ತಿರ ಅಲ್ಲ. ಇನ್ನೊಂದು ತಮಾಷೆ ಏನೆಂದರೆ, ಪೈಪು ಎಲ್ಲಾದರೂ ಲೀಕ್ ಇದ್ದರೆ ಅಲ್ಲಿಂದ ಹೊರಗಿನ ಗಾಳಿ ಸೇರಿಕೊಂಡು ಮೀಟರಿನ ಅಂಕಿ ಇನ್ನೂ ಕಡಿಮೆ ಬರಬಹುದು. ಪೈಪು ಕೆಟ್ಟಷ್ಟೂ ಮಾರ್ಕು ಒಳ್ಳೇದು!

ಊರಿಗೆ ಬಂದು ಸೈಲೆನ್ಸರ್ ಕೆಲಸ ಮಾಡುವ ಅಂಗಡಿಗಳನ್ನು ಸುತ್ತಿದೆ. ಕೊಂಕಣ ಸುತ್ತಿ ಮೈಲಾರಕ್ಕೆ ಬಂದ ಹಾಗೆ ಎಲ್ಲ ಕಡೆಯೂ ಒಂದೇ ಮಾತು. "ಎರಡೂವರೆ ಇಂಚಿನ ಪೈಪ್ ಹಾಕೋಣ್ರಿ, ಫ್ರೀ ಫ್ಲೋ, ಪಿಕಪ್ ಹೆಂಗ್ ಬರ್ತೈತಿ ನೋಡ್ರಿ." ಒಬ್ಬರಂತೂ ಫೋನಿನಲ್ಲಿ ಆ ಸದ್ದಿನ ವಿಡಿಯೋ ಹಚ್ಚಿ ಕೇಳಿಸಿದರು.

ಈ ಪಿಕಪ್ ವಿಷಯದಲ್ಲಿ ನನಗೆ ಸ್ವಲ್ಪ ಜಗಳ ಇದೆ. ಒಂದೂಮುಕ್ಕಾಲು ಇಂಚಿನ ಪೈಪಿಗೆ ಹೋಲಿಸಿದರೆ ಎರಡೂವರೆ ಇಂಚಿನ ಪೈಪಿನ ಬಾಯಿ ಎರಡು ಪಟ್ಟು ದೊಡ್ಡದು. ಅಷ್ಟೇ ಹೊಗೆ, ಎರಡು ಪಟ್ಟು ಜಾಗ. ಅಂದರೆ ಹೊಗೆಯ ವೇಗ ಅರ್ಧಕ್ಕೆ ಇಳಿಯಿತು. ಒಂದು ಸಿಲಿಂಡರಿನಿಂದ ಹೊಗೆ ರಭಸದಿಂದ ಹೊರಟರೆ ಅದರ ಹಿಂದೆ ಒಂದು ಎಳೆತ ಹುಟ್ಟುತ್ತದೆ. ಉಳಿದ ಹೊಗೆಯನ್ನೂ ಅದು ಎಳೆದುಕೊಂಡು ಹೋಗುತ್ತದೆ. ವೇಗ ಸತ್ತರೆ ಆ ಎಳೆತವೂ ಸಾಯುತ್ತದೆ. "ಎಂಜಿನ್‌ಗೆ ಬ್ಯಾಕ್ ಪ್ರೆಷರ್ ಬೇಕು" ಅಂತ ಹಳೆ ಮಿಸ್ತ್ರಿಗಳು ಹೇಳುವುದು ಪೂರ್ತಿ ಸರಿ ಅಲ್ಲ. ತಡೆ ಯಾವ ಎಂಜಿನ್ನಿಗೂ ಬೇಕಾಗಿಲ್ಲ, ಬೇಕಾಗಿರುವುದು ವೇಗ. ಆದರೆ ಅವರ ಅನುಭವ ಮಾತ್ರ ಸರಿಯೇ ಇದೆ. ಸಣ್ಣ ಎಂಜಿನ್ನಿಗೆ ದಪ್ಪ ಪೈಪು ಹಾಕಿದರೆ ಕಡಿಮೆ ಆರ್‌ಪಿಎಂನಲ್ಲಿ ಗಾಡಿ ಸೋಲುತ್ತದೆ. ಕೆಸರಿನಲ್ಲಿ, ಏರಿನಲ್ಲಿ, ಕಲ್ಲಿನ ಮೇಲೆ ನಮಗೆ ಬೇಕಾಗಿರುವುದೇ ಆ ಕಡಿಮೆ ಆರ್‌ಪಿಎಂನ ಎಳೆಯುವ ಶಕ್ತಿ ಅಲ್ವಾ? ನವಲಗುಂದ ಕಡೆಯ ಎರೆ ಮಣ್ಣಿನಲ್ಲಿ ಮಳೆಗಾಲದಲ್ಲಿ ಒಮ್ಮೆ ಸಿಕ್ಕಿಕೊಂಡವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಅಲ್ಲಿ ನೀವು ಜೋರಾಗಿ ಆಕ್ಸಿಲರೇಟರ್ ಒತ್ತಿದಷ್ಟೂ ಗಾಡಿ ಕೆಳಗಿಳಿಯುತ್ತದೆ.

ಕೊನೆಗೆ ತಾರಿಹಾಳ ಕಡೆ ಒಬ್ಬ ಕಾಕಾ ಸಿಕ್ಕರು. ಹೆಸರು ಹಾಕುವುದಿಲ್ಲ, ಅವರಿಗೆ ಪ್ರಚಾರ ಬೇಡವಂತೆ. ಈಗಿರುವ ಕೆಲಸವೇ ಮುಗಿಯುತ್ತಿಲ್ಲ ಅಂತಾರೆ. ಅವರು ಮೊದಲು ಪೈಪು ನೋಡಲೇ ಇಲ್ಲ. "ನಾಳೆ ಮುಂಜಾನೆ ತಣ್ಣಗಿದ್ದಾಗ ತಂದ್ಬಿಡ್ರಿ, ಬಿಸಿ ಗಾಡಿ ಸುಳ್ಳ ಹೇಳ್ತೈತಿ" ಅಂದರು.

ಮರುದಿನ ಚಾಲೂ ಮಾಡಿದ ಕೂಡಲೇ ಬಾನೆಟ್ ಕಡೆ ಕಿವಿ ಕೊಟ್ಟರು. ಟಿಕ್ ಟಿಕ್ ಟಿಕ್. ಐದು ನಿಮಿಷಕ್ಕೆ ಆ ಸದ್ದು ಮಾಯ. ಹೊಗೆಯನ್ನು ಎಂಜಿನ್ನಿನಿಂದ ಪೈಪಿಗೆ ದಾಟಿಸುವ ಮ್ಯಾನಿಫೋಲ್ಡಿನ ಸಂದಿಗೆ ಹಾಕುವ ಪ್ಯಾಕಿಂಗ್ ಹೋಗಿದೆ, ಕಬ್ಬಿಣ ಕಾದು ಹಿಗ್ಗಿದಾಗ ಸಂದು ಮುಚ್ಚಿಕೊಳ್ಳುತ್ತದೆ ಅಂತ ಅವರ ವಿವರಣೆ. ಆಮೇಲೆ ದಪ್ಪ ಕೈಗವಸು ಹಾಕಿ ಒದ್ದೆ ಬಟ್ಟೆಯಿಂದ ಪೈಪಿನ ಬಾಯಿಯನ್ನು ಎರಡು ಕ್ಷಣ ಮುಚ್ಚಿದರು. ಲೀಕ್ ಇಲ್ಲದ ಗಾಡಿ ಕೈಯನ್ನು ಒದೆಯಬೇಕು. ನನ್ನದು ಒದೆಯಲಿಲ್ಲ. ಕೆಳಗಿನಿಂದ ಮೂರು ಕಡೆ ಬುಸ್ ಅಂತು.

ಸೈಲೆನ್ಸರ್ ಬಿಚ್ಚಿ ಅಲ್ಲಾಡಿಸಿದರೆ ಒಳಗಿನಿಂದ ತುಕ್ಕಿನ ಪುಡಿ, ಮುಷ್ಟಿಗಟ್ಟಲೆ. ಹೊರಗೆ ನೋಡಿದರೆ ಅಷ್ಟೇನೂ ಕೆಟ್ಟಿರಲಿಲ್ಲ. ಇದರ ಕಾರಣ ಕೇಳಿ ನನಗೇ ಆಶ್ಚರ್ಯ ಆಯಿತು. ಒಂದು ಲೀಟರ್ ಪೆಟ್ರೋಲ್ ಸುಟ್ಟರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಹುಟ್ಟುತ್ತದೆ, ಆವಿಯಾಗಿ. ದೂರ ಓಡಿಸಿದರೆ ಪೈಪು ಕಾದು ಅದು ಹೊರಗೆ ಹೋಗುತ್ತದೆ. ಮನೆಯಿಂದ ಮಾರ್ಕೆಟ್ಟಿಗೆ, ಮಾರ್ಕೆಟ್ಟಿನಿಂದ ಮನೆಗೆ ಅಂತ ಓಡಿಸಿದರೆ ಸೈಲೆನ್ಸರ್ ಒಳಗೇ ತಂಗುತ್ತದೆ. ಭಾನುವಾರ ಮಾತ್ರ ತೆಗೆಯುವ ಗಾಡಿಗಳ ಸೈಲೆನ್ಸರ್ ಬೇಗ ಕೊಳೆಯುವುದು ಅದಕ್ಕೇ. ನಾನು ಬೆಣ್ಣಿಹಳ್ಳದ ನೀರನ್ನು ಬೈಯುತ್ತಿದ್ದೆ. ತಪ್ಪು ನನ್ನದೇ ಓಡಾಟದ್ದು.

ಇನ್ನು ಮ್ಯಾನಿಫೋಲ್ಡನ್ನು ಎಂಜಿನ್ನಿಗೆ ಬಿಗಿದಿಡುವ ಸ್ಟಡ್ ಬಿಚ್ಚುವ ಕೆಲಸ. ಇಪ್ಪತ್ತೇಳು ವರ್ಷ ಕಾದು, ತಣ್ಣಗಾಗಿ, ಮತ್ತೆ ಕಾದ ನಟ್ಟುಗಳು ಅವು. ಅವಸರದ ಕೈಗೆ ಸಿಕ್ಕರೆ ಲಟಕ್ ಅಂತ ಮುರಿಯುತ್ತವೆ. ಕಾಕಾ ಎರಡು ದಿನ ಮೊದಲೇ ತುಕ್ಕು ಬಿಡಿಸುವ ಎಣ್ಣೆ ಹೊಡೆದು ಬಿಟ್ಟರು. ಮೂರನೇ ದಿನ ಪಾನಾ ಹಚ್ಚಿ ಕಾಲು ಸುತ್ತು ಬಿಚ್ಚುವುದು, ಮತ್ತೆ ಬಿಗಿಯುವುದು, ಮತ್ತೆ ಎಣ್ಣೆ, ಮತ್ತೆ ಅರ್ಧ ಸುತ್ತು. ನೋಡುತ್ತ ಕೂತ ನನಗೇ ತಾಳ್ಮೆ ಹೋಯಿತು. ಅಷ್ಟು ಮಾಡಿದರೂ ಎರಡು ಮುರಿದವು. ಅವು ಕೂತಿರುವ ಎಂಜಿನ್ ಹೆಡ್ ಅಲ್ಯೂಮಿನಿಯಂನದು, ಡ್ರಿಲ್ ಸ್ವಲ್ಪ ಪಕ್ಕಕ್ಕೆ ಸರಿದರೂ ಕೆಲಸ ಕೆಟ್ಟಿತು. ಅವರು ಡ್ರಿಲ್ ಮುಟ್ಟಲಿಲ್ಲ. ಮುರಿದ ತುಂಡಿನ ತಲೆಗೆ ಒಂದು ನಟ್ಟು ಇಟ್ಟು ಒಳಗಿನಿಂದ ವೆಲ್ಡ್ ಹೊಡೆದರು. ವೆಲ್ಡಿಂಗಿನ ಬಿಸಿಗೆ ತುಕ್ಕಿನ ಹಿಡಿತ ಸಡಿಲ ಆಯಿತು. ಪಾನಾ ಹಾಕಿದರೆ ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಬಂತು. ಆ ಕ್ಷಣಕ್ಕೆ ಅಂಗಡಿಯಲ್ಲಿದ್ದ ನಾಲ್ಕೂ ಜನ ಒಟ್ಟಿಗೆ "ಹಾ" ಅಂದೆವು. ಚಹಾ ನಾನೇ ತರಿಸಿದೆ.

ಮ್ಯಾನಿಫೋಲ್ಡ್ ಮೇಲೆ ಪಟ್ಟಿ ಇಟ್ಟು ನೋಡಿದರೆ ನಡುವೆ ಬೆಳಕು ಕಾಣುತ್ತಿತ್ತು, ಬಾಗಿತ್ತು. ಅದನ್ನು ಮಟ್ಟ ಮಾಡಿಸದೆ ಹೊಸ ಪ್ಯಾಕಿಂಗ್ ಹಾಕಿದರೆ ಆರು ತಿಂಗಳಿಗೆ ಮತ್ತೆ ಟಿಕ್ ಟಿಕ್. ಪಕ್ಕದ ಅಂಗಡಿಯಲ್ಲೇ ಮೇಲ್ಮೈ ಹೊಡೆಸಿದೆವು. ಹೆಚ್ಚಿನವರು ಬಿಡುವ ಕೆಲಸ ಇದು, ಯಾಕೆಂದರೆ ಕಣ್ಣಿಗೆ ಕಾಣುವುದಿಲ್ಲ.

ಪೈಪು ಯಾವುದು ಅನ್ನುವುದಕ್ಕೆ ಎರಡು ದಿನ ಚರ್ಚೆ. ಸ್ಟೀಲ್ ಅಂದರೆ ಎಲ್ಲವೂ ಒಂದೇ ಅಲ್ಲ. ನಮ್ಮ ಊರಿನ ಗೇಟು, ರೇಲಿಂಗ್ ಮಾಡುವವರ ಹತ್ತಿರ ಜಾಸ್ತಿ ಇರುವುದು 202 ಅನ್ನುವ ಗ್ರೇಡ್. ಅದರಲ್ಲಿ ನಿಕಲ್ ಕಡಿಮೆ. 304ರಲ್ಲಿ ಸುಮಾರು ಶೇ 18 ಕ್ರೋಮಿಯಂ, ಶೇ 8 ನಿಕಲ್. ಕಂಪನಿಗಳು ಸೈಲೆನ್ಸರಿಗೆ ಸಾಮಾನ್ಯವಾಗಿ ಬಳಸುವ 409ರಲ್ಲಿ ಕ್ರೋಮಿಯಂ ಸುಮಾರು ಶೇ 11 ಅಷ್ಟೇ. ಅದಕ್ಕೆ ಆಯಸ್ಕಾಂತ ಅಂಟುತ್ತದೆ, ಮೇಲೆ ಕಂದು ಬಣ್ಣವೂ ಬರುತ್ತದೆ. ಆಯಸ್ಕಾಂತ ಹಿಡಿದು "ಅಂಟಿತು, ಇದು ಡುಪ್ಲಿಕೇಟ್" ಅನ್ನುವವರು ಒಳ್ಳೇ 409 ಬಿಟ್ಟು ಆಯಸ್ಕಾಂತ ಅಂಟದ 202 ಮನೆಗೆ ತರುತ್ತಾರೆ. ನಾನೂ ಜೇಬಿನಲ್ಲಿ ಆಯಸ್ಕಾಂತ ಇಟ್ಟುಕೊಂಡೇ ಹೋಗಿದ್ದೆ, ನಗಬೇಡಿ.

ನಾನು 304 ತಗೊಂಡೆ, ಬಿಲ್ಲಿನಲ್ಲಿ ಗ್ರೇಡ್ ಬರೆಸಿಕೊಂಡು. ಒಂದೂಮುಕ್ಕಾಲು ಇಂಚು. ಜೋಡಣೆ ಎಲ್ಲ ಆರ್ಗಾನ್ ವೆಲ್ಡಿಂಗ್. ಸೈಲೆನ್ಸರ್ ಮಾತ್ರ ಕಂಪನಿ ನಮೂನೆಯದೇ, ದೊಡ್ಡ ಹೊಟ್ಟೆಯದು. ಬೆಂಡ್‌ಗಳನ್ನು ಅಲ್ಲಿಯೇ ಬಗ್ಗಿಸಲು ಬಿಡಲಿಲ್ಲ. ಬಗ್ಗಿಸಿದ ಕಡೆ ಪೈಪು ಚಪ್ಪಟೆ ಆಗಿ ಗಂಟಲು ಹಿಸುಕಿದ ಹಾಗೆ ಆಗುತ್ತದೆ. ರೆಡಿ ಬೆಂಡ್ ತರಿಸಿ ವೆಲ್ಡ್ ಮಾಡಿದರು.

304ರ ಒಂದು ದೋಷ ಅಂದರೆ ಅದು ಜಾಸ್ತಿ ಹಿಗ್ಗುತ್ತದೆ. ಎರಡು ಮೀಟರ್ ಪೈಪು 300 ಡಿಗ್ರಿ ಬಿಸಿಯಾದರೆ ಸುಮಾರು ಒಂದು ಸೆಂಟಿಮೀಟರ್ ಉದ್ದ ಆಗುತ್ತದೆ. ಅದರ ಮೇಲೆ ಎಂಜಿನ್ ತನ್ನ ಮೌಂಟಿನ ಮೇಲೆ ಕುಣಿಯುತ್ತದೆ, ಗುಂಡಿ ಬಿದ್ದ ರಸ್ತೆಯಲ್ಲಿ ಚಾಸಿ ತಿರುಚುತ್ತದೆ. "ಗಟ್ಟಿ ಆಗಲಿ" ಅಂತ ಪೈಪನ್ನು ಚಾಸಿಗೆ ವೆಲ್ಡ್ ಮಾಡಿಸಿದವರನ್ನು ನೋಡಿದ್ದೇನೆ. ಅದು ಒಂದು ಮಳೆಗಾಲ ದಾಟುವುದಿಲ್ಲ, ಸೀಳುತ್ತದೆ. ನಾವು ಮುಂದೆ ಒಂದು ಬಾಗುವ ಜಾಯಿಂಟ್ ಹಾಕಿ, ಹಿಂದೆ ನಾಲ್ಕು ಕಡೆ ರಬ್ಬರಿನಲ್ಲಿ ತೂಗುಬಿಟ್ಟೆವು.

ಹಿಂದಿನ ಬಾಯಿಯನ್ನು ಚಕ್ರ ದಾಟಿಸಿ, ಬಾಡಿಯ ಅಂಚಿನಿಂದ ಸ್ವಲ್ಪ ಹೊರಗೆ ತಂದು, ಪಕ್ಕಕ್ಕೆ ತಿರುಗಿಸಿದೆವು. ಇಳಿಜಾರಿನಿಂದ ಇಳಿಯುವಾಗ ನೆಲಕ್ಕೆ ತಾಗದ ಹಾಗೆ ಮೇಲಕ್ಕೂ ಎತ್ತಿದೆವು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಇಡೀ ಖರ್ಚಿನಲ್ಲಿ ನನ್ನ ಮನೆಯವರಿಗೆ ನಿಜವಾಗಿ ದಕ್ಕಿದ್ದು ಈ ಒಂದೂವರೆ ಅಡಿ ಪೈಪು.

ಶಾಖ ತಡೆಯುವ ತಗಡು ಹಾಕಿಸಿದ್ದಕ್ಕೂ ಕಾರಣ ಇದೆ. ಹೆಸರು, ಕಡಲೆ ಸುಗ್ಗಿ ಬಂದರೆ ನಮ್ಮ ಕಡೆ ರಸ್ತೆಯೇ ಕಣ. ಹರವಿದ ಬಳ್ಳಿಯ ಮೇಲೆ ಗಾಡಿಗಳು ಓಡಿ ಕಾಳು ಉದುರಲಿ ಅಂತ. ಆ ಒಣ ಬಳ್ಳಿ ಗಾಡಿಯ ಕೆಳಗೆ ತಿರುಗುವ ಶಾಫ್ಟಿಗೆ ಸುತ್ತಿಕೊಂಡು, ಕಾದ ಪೈಪಿಗೆ ತಾಗಿ, ಹೊಗೆ ಎದ್ದು ಗಾಡಿಗಳು ಸುಟ್ಟ ಸುದ್ದಿ ನೀವೂ ಓದಿರುತ್ತೀರಿ. ರೈತರನ್ನು ಬೈದು ಪ್ರಯೋಜನ ಇಲ್ಲ, ಎಲ್ಲರ ಹೊಲದಲ್ಲೂ ಕಣ ಇಲ್ಲ. ಬಳ್ಳಿ ಮೇಲೆ ಹಾಯ್ದ ಮೇಲೆ ಅರ್ಧ ಕಿಲೋಮೀಟರಿಗೆ ನಿಲ್ಲಿಸಿ ಕೆಳಗೆ ಬಗ್ಗಿ ನೋಡುವ ಚಟ ನನಗೆ ಹತ್ತಿದೆ. ಪೈಪಿಗೆ ಬಟ್ಟೆಯಂಥ ಪಟ್ಟಿ ಸುತ್ತಿಸುವ ಫ್ಯಾಷನ್ ಬೇಡ ಅಂದೆ. ಕೆಸರು ನೀರು ಅದರಲ್ಲೇ ಕೂತು ಪೈಪನ್ನು ತಿನ್ನುತ್ತದೆ.

ಸೌಂಡ್ ಬೇಕು ಅನ್ನುವವರಿಗೆ ಕಾಯ್ದೆ ಮಾತು ಎರಡೇ ಸಾಲಿನಲ್ಲಿ. ಮೋಟಾರು ವಾಹನ ಕಾಯ್ದೆಯ 190(2)ರ ಪ್ರಕಾರ, 2019ರ ಸೆಪ್ಟೆಂಬರ್ ನಂತರ, ಶಬ್ದದ ನಿಯಮ ಮುರಿದರೆ ಮೊದಲ ಸಲಕ್ಕೇ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಲೈಸೆನ್ಸ್ ಮೂರು ತಿಂಗಳು ಹೋಗುತ್ತದೆ. ರಾಜ್ಯದ ಹಲವು ಊರುಗಳಲ್ಲಿ ಪೊಲೀಸರು ಬುಲೆಟ್ ಸೈಲೆನ್ಸರುಗಳನ್ನು ರೋಡ್ ರೋಲರ್ ಕೆಳಗೆ ಹಾಕಿದ ಫೋಟೋ ನೋಡಿದ್ದೀರಲ್ಲ. ಆದರೆ ನನಗೆ ದಂಡಕ್ಕಿಂತ ಕಿಮ್ಸ್ ಆಸ್ಪತ್ರೆ ಮುಂದೆ ಮಲಗಿದ ರೋಗಿಗಳ ಕಡೆಯವರ ಮುಖ ನೆನಪಾಗುತ್ತದೆ. ರಾತ್ರಿ ಹನ್ನೊಂದಕ್ಕೆ ಆ ರಸ್ತೆಯಲ್ಲಿ ಯಾವನೋ ಒಬ್ಬ ಗುಡುಗಿಸಿಕೊಂಡು ಹೋದಾಗ ಚಾಪೆಯಿಂದ ಎದ್ದು ಕೂತವರನ್ನು ನಾನೂ ಒಮ್ಮೆ ಅಲ್ಲೇ ಕೂತು ನೋಡಿದ್ದೇನೆ.

ಒಟ್ಟು 16,500 ರೂಪಾಯಿ ಆಯಿತು. ಪಿಕಪ್? ಏರಿನಲ್ಲಿ ಸ್ವಲ್ಪ ಹಗುರ ಅನ್ನಿಸುತ್ತದೆ. ಅದು ಹೊಸ ಪೈಪಿನದಲ್ಲ, ಲೀಕ್ ಮುಚ್ಚಿದ್ದು ಮತ್ತು ಕಾಕಾ ಕೊನೆಗೆ ಕಾರ್ಬ್ಯುರೇಟರ್ ಸೆಟ್ಟಿಂಗ್ ಮಾಡಿಕೊಟ್ಟಿದ್ದು.

ಹೋದ ಭಾನುವಾರ ಮತ್ತೆ ಹಳಿಯಾಳ ರಸ್ತೆಗೆ ಹೋದೆವು. ಹಿಂದಿನ ಪರದೆ ಬೇಕಂತಲೇ ಎತ್ತಿ ಕಟ್ಟಿದ್ದೆ. ಮಗಳು ದಾರಿ ಪೂರ್ತಿ ಹಾಡುತ್ತಿದ್ದಳು, ನಡುವೆ ನಿಲ್ಲಿಸಿ "ಅಪ್ಪಾ, ಏನೋ ಬಡ್ಯಾಕತ್ತೈತಿ" ಅಂದಳು. ನಿಜ. ನಲವತ್ತರ ಸ್ಪೀಡಿನಲ್ಲಿ ಮೂರನೇ ರಬ್ಬರಿನ ಹತ್ತಿರ ಪೈಪು ಚಾಸಿಗೆ ಟಪ್ ಅಂತ ತಾಗುತ್ತಿದೆ. ನಾಳೆ ಮುಂಜಾನೆ, ತಣ್ಣಗಿದ್ದಾಗ, ಕಾಕಾರ ಹತ್ತಿರ ಹೋಗಬೇಕು.