ಹುಟ್ಟದ ಕೂಸಿನ ತಿಥಿ

ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯ ಅಂತೂ ರೆಜಿಯಿಂದ (RGGI) ಹೊರಬಂತು. ಅಭಿನಂದನೆಗಳು. ಒಳಗೆ ಯಾವಾಗ ಹೋಗಿತ್ತು ಅಂತ ಮಾತ್ರ ಕೇಳಬೇಡಿ.

ರೆಜಿ ಅಂದರೆ ಈಶಾನ್ಯ ಅಮೆರಿಕದ ರಾಜ್ಯಗಳು 2009ರಿಂದ ನಡೆಸುತ್ತಿರುವ ಕಾರ್ಬನ್ ಹರಾಜು. ಕರೆಂಟ್ ತಯಾರಿಸುವ ಕಂಪನಿ ಹೊಗೆಯಲ್ಲಿ ಬಿಡುವ ಒಂದೊಂದು ಟನ್ನಿಗೂ ಪರ್ಮಿಟ್ ಕೊಳ್ಳಬೇಕು, ದುಡ್ಡು ರಾಜ್ಯಕ್ಕೆ. ಪೆನ್ಸಿಲ್ವೇನಿಯಾದ ಆಗಿನ ಗವರ್ನರ್ ಟಾಮ್ ವುಲ್ಫ್ 2019ರಲ್ಲಿ ನಾವೂ ಸೇರ್ತೀವಿ ಅಂದರು. 2022ರಲ್ಲಿ ನಿಯಮ ಬಂತು, ಕೋರ್ಟು ತಡೆಯಿತು. 2023ರಲ್ಲಿ, ಇದು ತೆರಿಗೆ, ಶಾಸನಸಭೆ ಒಪ್ಪದೆ ಹಾಕುವಂತಿಲ್ಲ ಅಂತ ತೀರ್ಪೂ ಬಂತು. ಅಲ್ಲಿನ ಯಾವ ಕಂಪನಿಯೂ ಒಂದು ಸೆಂಟ್ ಕಟ್ಟಲಿಲ್ಲ. ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಿದವರನ್ನು ನೋಡಿದ್ದೇವೆ. ಇವರು ತಿಥಿಯನ್ನೂ ಮುಗಿಸಿ ಎಲೆ ಎತ್ತಿದ್ದಾರೆ.

ಈಗಿನ ಗವರ್ನರ್ ಜೋಶ್ ಶಪಿರೊ ಅವರ ಕೈಚಳಕಕ್ಕೆ ನಮಸ್ಕಾರ. ಆ ತೀರ್ಪಿನ ಮೇಲೆ ರಾಜ್ಯದ ಸುಪ್ರೀಂ ಕೋರ್ಟಿಗೆ ಅಪೀಲು ಹೋದದ್ದು ಅವರದೇ ಸರ್ಕಾರ. ಅಪೀಲು ಇತ್ಯರ್ಥ ಆಗುವ ಮೊದಲೇ, 2025ರ ನವೆಂಬರ್‌ನಲ್ಲಿ, ರದ್ದು ಮಾಡಲು ಸಹಿ ಹಾಕಿದವರೂ ಅವರೇ. ಬಜೆಟ್ ನಾಲ್ಕು ತಿಂಗಳಿಗೂ ಜಾಸ್ತಿ ತಡವಾಗಿತ್ತು. ಶಾಲೆಗಳಿಗೆ ದುಡ್ಡಿಲ್ಲ, ಕೌಂಟಿಗಳಿಗೆ ದುಡ್ಡಿಲ್ಲ. ರೆಜಿ ಬಿಡಿ, ಬಜೆಟ್ ತಗೊಳ್ಳಿ ಅಂದರು ಸೆನೆಟ್‌ನ ರಿಪಬ್ಲಿಕನ್ನರು. ಚೌಕಾಶಿ ಮುಗಿಯಿತು.

ನ್ಯೂಜೆರ್ಸಿಯ ಕಥೆ ಇನ್ನೊಂದು ತರ. 2012ರ ಹೊತ್ತಿಗೆ ಹೊರಗೆ, 2020ರಲ್ಲಿ ಮತ್ತೆ ಒಳಗೆ. ವರ್ಜೀನಿಯಾ 2021ರಲ್ಲಿ ಸೇರಿ 2023ರ ಕೊನೆಗೆ ಎದ್ದು ಹೋಯಿತು. ಹಾಗೆ ಹೋದದ್ದೇ ಕಾನೂನುಬಾಹಿರ ಅಂತ ಮರುವರ್ಷ ಜಡ್ಜ್ ಹೇಳಿದರು. ಪಾಪ, ಅವರಾದರೂ ಒಳಗೆ ಕಾಲಿಟ್ಟು ಹೊರಗೆ ಬಂದವರು.

ರೆಜಿ ಬಂದರೆ ಕಲ್ಲಿದ್ದಲು ಸ್ಥಾವರ ಮುಚ್ಚುತ್ತೆ ಅಂತ ಹೆದರಿಸುತ್ತಿದ್ದರಲ್ಲ, ಪೆನ್ಸಿಲ್ವೇನಿಯಾದ ಹೋಮರ್ ಸಿಟಿಯದು 2023ರಲ್ಲೇ ಮುಚ್ಚಿತು. ರೆಜಿ ಬರಲೇ ಇಲ್ಲ. ಅಗ್ಗದ ಗ್ಯಾಸ್ ಬಂತು. ಅದರ ಚಿಮಣಿಗಳನ್ನು 2025ರಲ್ಲಿ ಸಿಡಿಸಿ ಬೀಳಿಸಿದರು. ಅದೇ ಜಾಗದಲ್ಲಿ ಈಗ ಹಳೆಯದಕ್ಕಿಂತ ಎರಡು ಪಟ್ಟಿಗೂ ದೊಡ್ಡ ಗ್ಯಾಸ್ ಸ್ಥಾವರ ಏಳುತ್ತಂತೆ. ಯಾರ ಮನೆ ದೀಪಕ್ಕೆ ಅಂದುಕೊಂಡಿರಿ? ಕೃತಕ ಬುದ್ಧಿಮತ್ತೆಯ ಡೇಟಾ ಸೆಂಟರಿಗೆ. ಸಹಜ ಬುದ್ಧಿಯ ಸ್ಟಾಕು ಮುಗಿದ ಮೇಲೆ ಇನ್ನೇನು ಮಾಡ್ತಾರೆ, ಅಲ್ವಾ?

ಕರೆಂಟ್ ಬಿಲ್ ಏರಬಾರದು ಅಂತ ಇಷ್ಟೆಲ್ಲ ಮಾಡಿದೆವು ಅಂತಾರೆ. ಸರಿ, ಏರಲಿಲ್ಲವಾ? ಪೆನ್ಸಿಲ್ವೇನಿಯಾಕ್ಕೆ ಕರೆಂಟ್ ಹಂಚುವ ಗ್ರಿಡ್ ಪಿಜೆಎಂ. ಬೇಕಾದಾಗ ಕರೆಂಟ್ ಕೊಡಲು ಸಿದ್ಧವಾಗಿರಿ ಅಂತ ಅದು ಸ್ಥಾವರಗಳಿಗೆ ಕೊಡುವ ದರ, ಮೆಗಾವ್ಯಾಟಿಗೆ ದಿನಕ್ಕೆ 28.92 ಡಾಲರ್ ಇದ್ದದ್ದು ಒಂದೇ ಹರಾಜಿನಲ್ಲಿ 269.92ಕ್ಕೆ ಹೋಯಿತು. ಅದರಲ್ಲಿ ಪೆನ್ಸಿಲ್ವೇನಿಯಾದ ಕಾರ್ಬನ್ ಹರಾಜಿನ ಪಾಲು ಸೊನ್ನೆ. ಇಷ್ಟು ವರ್ಷ ಜನರನ್ನು ಯಾವ ಗುಮ್ಮನ ಹೆಸರು ಹೇಳಿ ಹೆದರಿಸಿದಿರಿ ಸ್ವಾಮಿ? ಗುಮ್ಮ ಬರಲಿಲ್ಲ, ಬಿಲ್ ಬಂತು. ಕಟ್ಟಿದವರು ಜನ. ಹವಾಮಾನಕ್ಕೂ ಏನೂ ಒಳ್ಳೆಯದಾಗಲಿಲ್ಲ, ಜೇಬಿಗೂ ಏನೂ ಉಳಿಯಲಿಲ್ಲ. ನಗು ಬರ್ತಿಲ್ಲ.

ಇನ್ನೊಂದು ವಿಷಯ. ಶುದ್ಧ ಗಾಳಿ ಜನರ ಹಕ್ಕು ಅಂತ ಅದೇ ರಾಜ್ಯದ ಸಂವಿಧಾನದಲ್ಲಿ 1971ರಿಂದ ಬರೆದಿದೆ. ಅದನ್ನು ಇನ್ನೂ ಯಾರೂ ವಾಪಸ್ ತಗೊಂಡಿಲ್ಲ. ಮುಂದಿನ ಬಜೆಟ್ ಎಷ್ಟು ತಡ ಆಗುತ್ತೋ ನೋಡಬೇಕು.