ಲಾಂಡೋವ್ಸ್ಕಾ ನುಡಿಸಿದ್ದು ಬಾಖ್ ಕಾಲದ ವಾದ್ಯವಲ್ಲ

ಹಾರ್ಪ್ಸಿಕಾರ್ಡ್ ಅಂದರೆ ಪಿಯಾನೋಗೂ ಮುಂಚಿನ, ತಂತಿ ಮೀಟಿ ನುಡಿಯುವ ಕೀಲಿಮಣೆ ವಾದ್ಯ. ಮೂಲೆ ಸೇರಿದ್ದ ಅದನ್ನು ಪೋಲೆಂಡ್ ಮೂಲದ ವಾದಕಿ ವಾಂಡಾ ಲಾಂಡೋವ್ಸ್ಕಾ ಒಬ್ಬರೇ ಬದುಕಿಸಿದರು, ಅದೂ 18ನೇ ಶತಮಾನದ ಜರ್ಮನ್ ಸಂಗೀತಕಾರ ಬಾಖ್ ಕಾಲದ ವಾದ್ಯದಲ್ಲೇ ನುಡಿಸಿ, ಅಂತ ಒಂದು ಬರಹ ಓಡಾಡ್ತಿದೆ. ಎರಡೂ ಸರಿಯಿಲ್ಲ. 1889ರ ಪ್ಯಾರಿಸ್ ವಸ್ತುಪ್ರದರ್ಶನದಲ್ಲೇ ಲೂಯಿ ದಿಯೆಮೆ ಎಂಬ ಪಿಯಾನೋ ವಾದಕರು ಅದನ್ನು ನುಡಿಸಿ ತೋರಿಸಿದ್ದರು, ಆಗ ವಾಂಡಾ ವಾರ್ಸಾದ ಪುಟ್ಟ ಹುಡುಗಿ. ಇನ್ನು ಅವರ ಆ ದೊಡ್ಡ ವಾದ್ಯ, 1912ರಲ್ಲಿ ಪ್ಯಾರಿಸ್‌ನ ಪಿಯಾನೋ ತಯಾರಕ ಪ್ಲೆಯೆಲ್ ಕಂಪನಿ ಅವರಿಗಂತಲೇ ಹೊಸದಾಗಿ ಮಾಡಿಕೊಟ್ಟದ್ದು. ಕಾಲಡಿಯಲ್ಲಿ ಪೆಡಲ್‌ಗಳ ಸಾಲು, ಒಂದು ಸ್ಥಾಯಿ ಕೆಳಗೆ ಗುಡುಗುವ ತಂತಿಗಳು, ಮುಂದೆ ಪಿಯಾನೋದ ಹಾಗೆ ಕಬ್ಬಿಣದ ಚೌಕಟ್ಟೂ ಬಂತು. ಬಾಖ್ ಕಾಲದ ಹಗುರ ಮರದ ಪೆಟ್ಟಿಗೆಗೂ ಇದಕ್ಕೂ ಎಲ್ಲಿಯ ಹೋಲಿಕೆ! ಹಾಗಂತ ಅವರ ಸಾಧನೆ ಸಣ್ಣದೇನಲ್ಲ. 1933ರಲ್ಲಿ ಬಾಖ್‌ನ ಹೆಸರಾಂತ ಕೃತಿ ಗೋಲ್ಡ್‌ಬರ್ಗ್ ವೇರಿಯೇಷನ್ಸನ್ನು ಹಾರ್ಪ್ಸಿಕಾರ್ಡಲ್ಲಿ ಪೂರ್ತಿ ರೆಕಾರ್ಡ್ ಮಾಡಿದ ಮೊದಲಿಗರು ಇವರೇ, ಅದೂ ಪ್ಲೆಯೆಲ್ ವಾದ್ಯದಲ್ಲೇ.