ವಿಶ್ವಕ್ಕೆ ಗುರಿ ಇಲ್ಲದಿದ್ದರೆ ನಮಗೇನು ಕಷ್ಟ?

"ಎಲ್ಲಾ ಒಂದಿನ ಮಣ್ಣಾಗೋದೇ, ಮತ್ತೆ ಯಾಕಿಷ್ಟು ಒದ್ದಾಟ?" ಈ ಮಾತನ್ನು ಜನ ದೊಡ್ಡ ಸತ್ಯ ಕಂಡವರ ಹಾಗೆ ಹೇಳುತ್ತಾರೆ. ನನಗೇನೋ ಅದರಲ್ಲಿ ಅಂಥ ಆಳ ಕಾಣಿಸಿಲ್ಲ.

ಒಪ್ಪಬೇಕಾದ್ದನ್ನು ಮೊದಲೇ ಒಪ್ಪಿಬಿಡೋಣ. ವಿಶ್ವಕ್ಕೆ ಸುಮಾರು 1,380 ಕೋಟಿ ವರ್ಷ ವಯಸ್ಸು. ಮನುಷ್ಯ ಬಂದಿದ್ದು ಹೆಚ್ಚುಕಡಿಮೆ 3 ಲಕ್ಷ ವರ್ಷದ ಹಿಂದೆ. ಇನ್ನೊಂದು 500 ಕೋಟಿ ವರ್ಷ ಕಳೆದರೆ ಸೂರ್ಯನ ಕಥೆಯೂ ಮುಗಿಯಿತು. ಇಷ್ಟರಲ್ಲಿ ಎಲ್ಲೂ ನಮಗೋಸ್ಕರ ಬರೆದಿಟ್ಟ ಗುರಿ ಅಂತ ನನಗೆ ಕಂಡಿಲ್ಲ. ಸರಿ, ಅಷ್ಟಕ್ಕೇ ಬದುಕು ವ್ಯರ್ಥ ಆಗಿಬಿಡುತ್ತಾ? 1971ರಲ್ಲಿ ತಾಮಸ್ ನೇಗೆಲ್ ಅನ್ನೋ ತತ್ತ್ವಶಾಸ್ತ್ರಜ್ಞ ಇದನ್ನೇ ಕೆದಕಿದ್ದರು. ನಾವು ಇವತ್ತು ಮಾಡಿದ್ದು ಹತ್ತು ಲಕ್ಷ ವರ್ಷದ ನಂತರ ಲೆಕ್ಕಕ್ಕಿಲ್ಲ ಅಂತಾದರೆ, ಆಗ ಏನಾಗುತ್ತೆ ಅನ್ನೋದೂ ಇವತ್ತಿಗೆ ಲೆಕ್ಕಕ್ಕಿರಬಾರದಲ್ವಾ? ಇನ್ನು ನಾವು ತೀರಾ ಚಿಕ್ಕವರು ಅನ್ನೋದೇ ಗೋಳಾದರೆ, ನಕ್ಷತ್ರದಷ್ಟು ದಪ್ಪ ಇದ್ದಿದ್ದರೆ ಸರಿಹೋಗ್ತಿತ್ತಾ?

ಗುರಿ ಇದೆ ಅಂತಲೇ ಇಟ್ಟುಕೊಳ್ಳಿ. ಯಾರೋ ಬಂದು "ನೀನು ಹುಟ್ಟಿದ್ದೇ ಇದಕ್ಕೆ" ಅಂತ ಚೀಟಿ ಕೊಟ್ಟರೂ, ಇದು ನನಗೆ ಒಪ್ಪಿಗೆನಾ ಅಂತ ಕೇಳಿಕೊಳ್ಳಬೇಕಾದವರು ಮತ್ತೆ ನಾವೇ.

ನಮ್ಮ ತಂದೆಗೆ ಕಣ್ಣು ಮಂಜಾದ ಮೇಲೆ ಬೆಳಿಗ್ಗೆ ನಾನೇ ಪೇಪರ್ ಓದಿ ಹೇಳೋದು. ಮೊದಲು ಕ್ರೀಡಾ ಪುಟ ಆಗಬೇಕು. ರಾಜಕೀಯ ಬಂದರೆ "ಮುಂದಕ್ಕೆ ಹೋಗು" ಅಂತಾರೆ, ನಾನು ಪುಟ ತಿರುಗಿಸುವಷ್ಟರಲ್ಲಿ "ಏನಂತೆ ಅದು?" ಅಂತ ಅವರೇ ಕೇಳ್ತಾರೆ. ಮಧ್ಯೆ ಸಾಲು ಹಾರಿಸಿದರೆ ಗೊತ್ತಾಗಿಬಿಡುತ್ತೆ, ಬೈಸಿಕೊಳ್ಳಬೇಕು. ಆ ಅರ್ಧ ಗಂಟೆಯಲ್ಲಿ ಬದುಕಿಗೆ ಅರ್ಥ ಇದೆಯಾ ಅನ್ನೋ ಪ್ರಶ್ನೆ ನನಗೆ ಬರೋದೇ ಇಲ್ಲ. ಉತ್ತರ ಸಿಕ್ಕಿದೆ ಅಂತಲ್ಲ, ಓದೋದು ಬಾಕಿ ಇರುತ್ತೆ, ಅಷ್ಟೇ.

"ನಿಮ್ಮ ಬದುಕಿನ ಉದ್ದೇಶ ಹುಡುಕಿ" ಅಂತ ಕೋರ್ಸ್ ಮಾರುವವರ ಮೇಲೆ ನನಗೆ ಸಿಟ್ಟು ಬರೋದೂ ಇದಕ್ಕೇ. ಅವರ ಪ್ರಕಾರ ಉದ್ದೇಶ ಅಂದರೆ ಒಂದೇ ಒಂದು, ಅದೂ ದೊಡ್ಡದು, ಆದಷ್ಟು ದುಡ್ಡು ತರುವಂಥದ್ದು. ಅದು ಸಿಗದವರು ಸುಮ್ನೆ ತಮ್ಮಲ್ಲೇ ಏನೋ ಕೊರತೆ ಅಂತ ಕೊರಗುತ್ತಾರೆ. (ತಿಂಗಳುಗಟ್ಟಲೆ ಯಾವುದೂ ಬೇಡ ಅನಿಸುತ್ತಿದ್ದರೆ ಅದು ಬೇರೆ ವಿಷಯ. ಅಲ್ಲಿ ತತ್ತ್ವಶಾಸ್ತ್ರ ಬೇಡ, ಡಾಕ್ಟರ್ ಬೇಕು.)

ಒಂದು ತಕರಾರು ಮಾತ್ರ ನನ್ನನ್ನು ನಿಜಕ್ಕೂ ಕಾಡುತ್ತೆ. ಅರ್ಥ ನಾವೇ ಕೊಟ್ಟುಕೊಳ್ಳೋದಾದರೆ, ಇನ್ನೊಬ್ಬರನ್ನು ತುಳಿಯೋದರಲ್ಲೇ ಅರ್ಥ ಕಾಣುವವನಿಗೆ ಏನು ಹೇಳೋದು? ಅವನಿಗೆ ಅದು ಸಿಕ್ಕಿರಬಹುದು, ಸುಳ್ಳು ಅನ್ನಲಾರೆ. ಆದರೆ ತುಳಿಸಿಕೊಂಡವನಿಗೆ ಆದ ನೋವಿಗೆ ಅವನು ಜವಾಬು ಕೊಡಲೇಬೇಕು, ಅದನ್ನು ಕೇಳೋದಕ್ಕೆ ವಿಶ್ವದ ಅಪ್ಪಣೆ ಬೇಕಿಲ್ಲ.